ಗಾಂಧೀಜಿ ನೋಟಿಸು ಕೊಟ್ಟಾಗ: ಸರದಿ ಆಟಗಳಲ್ಲಿ ಯುದ್ಧ ಸಾರುವ ಲೆಕ್ಕ

ಹೋದ ತಿಂಗಳು ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದಿತ್ತು, ಅಂದರೆ ಕೊನೆಯ ಸಲ ಪೊರೆ ಬಿಟ್ಟಿತ್ತು. ಆ ಹೊತ್ತಿನಲ್ಲಿ ಎಷ್ಟು ಸೊಪ್ಪು ತಂದು ಹಾಕಿದರೂ ಸಾಲದು. ಭಾವ ತೋಟಕ್ಕೂ ಹುಳುಮನೆಗೂ ಓಡಾಡುತ್ತಿದ್ದರು. ಪಿಯುಸಿ ಪರೀಕ್ಷೆ ಮುಗಿಸಿದ್ದ ಅಕ್ಕನ ಮಗ ಮಾತ್ರ ನಡುಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ಇದ್ದಕ್ಕಿದ್ದಂತೆ ಕೂಗಿದ: "ಮಾಮ, ಗಾಂಧೀಜಿ ನನ್ನ ಡಿನೌನ್ಸ್ ಮಾಡಿಬಿಟ್ರು!"

"ಯಾವ ಗಾಂಧೀನೋ? ಏನು ಮಾಡ್ದೆ ನೀನು?" ಅಂತ ಅಕ್ಕ ಒಲೆ ಮುಂದಿನಿಂದಲೇ ಗದರಿದಳು.

ಅವನು ಆಡುತ್ತಿದ್ದದ್ದು ಸಿವಿಲೈಸೇಷನ್ ಅನ್ನುವ ಆಟದ ಆರನೇ ಕಂತು. ಅದರಲ್ಲಿ ಅವನು ರೋಮ್ ದೇಶದ ದೊರೆ ಟ್ರಾಜನ್. ಪಕ್ಕದಲ್ಲಿ ಬ್ರೆಜಿಲ್ ದೊರೆ ಪೆಡ್ರೋ. ನಮ್ಮ ಹುಡುಗ ಆ ಪೆಡ್ರೋ ಮೇಲೆ ಹೇಳದೆ ಕೇಳದೆ ಬಿದ್ದಿದ್ದ. ಭಾರತದ ನಾಯಕರಾಗಿ ಅದೇ ಆಟದಲ್ಲಿರುವ ಗಾಂಧೀಜಿ ಅದನ್ನು ಎಲ್ಲರ ಮುಂದೆ ಖಂಡಿಸಿದ್ದರು. ಇಷ್ಟನ್ನೂ ಅಕ್ಕನಿಗೆ ಬಿಡಿಸಿ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಹೊಡೆಯೋದಾದ್ರೆ ಹೊಡೀಬೇಕು. ಮುಂಚೆನೇ ಹೇಳಿ ಕಳಿಸೋಕೆ ಅದೇನು ಮದುವೇನಾ?"

ಒಳ್ಳೆ ಪ್ರಶ್ನೆ. ರಜೆ ಬಂದರೆ ಸುಮಾರು ಮನೆಗಳಲ್ಲಿ ಹುಡುಗರ ಬಾಯಲ್ಲಿ ಇದೇ ಮಾತು: ಅಲಯನ್ಸ್, ವಾರ್ ಡಿಕ್ಲೇರ್, ಬ್ಯಾಕ್‌ಸ್ಟ್ಯಾಬ್. ಪಕ್ಕದಲ್ಲಿ ಕೂತ ದೊಡ್ಡವರಿಗೆ ಒಂದೂ ತಿಳಿಯುವುದಿಲ್ಲ. ಸ್ವಲ್ಪ ಬುಡದಿಂದಲೇ ನೋಡೋಣ.

ಸರದಿ ಆಟ ಅಂದರೆ

ಚೌಕಾಬಾರದಲ್ಲಿ ಕವಡೆ ನಿಮ್ಮ ಕೈಗೆ ಬಂದಾಗ ಮಾತ್ರ ನಿಮ್ಮ ಆಟ. ಆಡು-ಹುಲಿ ಆಟದಲ್ಲೂ ಅಷ್ಟೇ, ಹುಲಿ ನಡೆದ ಮೇಲೆ ಆಡು. ಬೆರಳಿನ ಚುರುಕಿಗಿಂತ ಯೋಚನೆಗೆ ಜಾಸ್ತಿ ಬೆಲೆ. ಕಂಪ್ಯೂಟರಿನಲ್ಲಿ ಹೀಗೆ ಸರದಿ ಪ್ರಕಾರ ನಡೆಯುವ ರಾಜ್ಯ ಕಟ್ಟುವ ಆಟಗಳು ಬೇಕಾದಷ್ಟಿವೆ. ಸಿಡ್ ಮೈಯರ್ ಅನ್ನುವವರು 1991ರಲ್ಲಿ ತಂದ ಸಿವಿಲೈಸೇಷನ್ ಅವುಗಳಲ್ಲಿ ಹೆಚ್ಚು ಹೆಸರು ಮಾಡಿತು. ಆರನೇ ಕಂತು 2016ರಲ್ಲಿ, ಏಳನೆಯದು 2025ರಲ್ಲಿ ಬಂತು. ಆರನೆಯದರಲ್ಲಿ ಕ್ರಿಸ್ತಪೂರ್ವ 4000ದ ಹೊತ್ತಿಗೆ ಒಂದು ಊರು ಕಟ್ಟಿ ಶುರು ಮಾಡಿದರೆ ರಾಕೆಟ್ ಹಾರಿಸುವವರೆಗೂ ಆಡಬಹುದು.

ಒಂದು ಸರದಿಯಲ್ಲಿ, ಅಂದರೆ ಒಂದು ಟರ್ನ್‌ನಲ್ಲಿ, ನಿಮ್ಮ ಎಲ್ಲ ತುಕಡಿಗಳನ್ನೂ ನೀವು ನಡೆಸಬಹುದು. ಎಲ್ಲ ಮುಗಿದ ಮೇಲೆ ಒಂದು ಗುಂಡಿ ಒತ್ತಿದರೆ ಉಳಿದ ದೇಶಗಳು ತಮ್ಮ ಕೆಲಸ ಮಾಡುತ್ತವೆ. ಈಗ ಯೋಚಿಸಿ. ನಿಮ್ಮ ಸರದಿಯಲ್ಲಿ ಯುದ್ಧ ಸಾರಿದರೆ, ಸರದಿ ಮುಗಿಯುವ ತನಕ ಮುಂದೆ ಬಂದು ಹೊಡೆಯುವವರು ನೀವೊಬ್ಬರೇ. ಎದುರಿನವರ ಕುದುರೆ, ಬಿಲ್ಲು, ಕಾಲಾಳು ಎಲ್ಲ ನಿಂತಲ್ಲೇ ನಿಂತಿರುತ್ತವೆ. ಗಡಿಯಲ್ಲಿ ಆರು ತುಕಡಿ ಸಾಲಾಗಿ ನಿಲ್ಲಿಸಿಕೊಂಡು ಸಾರಿದರೆ ಮೊದಲ ಆರು ಏಟು ನಿಮ್ಮವು. ಸರದಿ ಆಟದಲ್ಲಿ ಮುಹೂರ್ತಕ್ಕೆ ಇಷ್ಟೊಂದು ಬೆಲೆ ಬಂದದ್ದು ಇದರಿಂದಲೇ.

ನಾಲ್ಕು ಜನ ಸ್ನೇಹಿತರು ಇಂಟರ್ನೆಟ್‌ನಲ್ಲಿ ಸೇರಿ ಆಡುವಾಗ ಬೇಸರ ಆಗದಿರಲಿ ಅಂತ ಎಲ್ಲರ ಸರದಿಯನ್ನೂ ಒಟ್ಟಿಗೆ ಬಿಡುವುದುಂಟು. ಆಗ ಇನ್ನೊಂದು ತರಲೆ. ಒಂದು ಟರ್ನಿನ ಕೊನೆಯ ಸೆಕೆಂಡಿನಲ್ಲಿ ಒಂದು ಹೆಜ್ಜೆ ಇಟ್ಟು, ಮುಂದಿನ ಟರ್ನ್ ಶುರುವಾದ ಕೂಡಲೇ ಇನ್ನೊಂದು ಹೆಜ್ಜೆ ಇಟ್ಟುಬಿಡುತ್ತಾರೆ. ನೋಡುವವನಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಶತ್ರು ಎರಡು ಮನೆ ದಾಟಿರುತ್ತಾನೆ. ಡಬಲ್ ಮೂವ್ ಅಂತ ಇದಕ್ಕೆ ಹೆಸರು. ಇದರಿಂದ ಎಷ್ಟು ಸ್ನೇಹ ಕೆಟ್ಟಿದೆಯೋ!

ಹೊಲದ ಬದುವಿನ ಪಾಠ

ರಾಜತಂತ್ರ ಅಂದ ಕೂಡಲೇ ಕೋಟು ಹಾಕಿದವರ ದುಂಡು ಮೇಜಿನ ಸಭೆ ನೆನಪಾಗುತ್ತದೆ. ಅಷ್ಟು ದೂರ ಹೋಗಬೇಕಾಗಿಲ್ಲ. ಪಕ್ಕದ ಹೊಲದವರ ಜೊತೆ ನಾವು ದಿನಾ ನಡೆಸುವುದೂ ಅದೇ.

ಅವರ ಟ್ರ್ಯಾಕ್ಟರ್ ನಮ್ಮ ಹೊಲದ ಮೇಲೆ ಹಾದು ಹೋಗಲು ಬಿಟ್ಟರೆ ಆಟದ ಭಾಷೆಯಲ್ಲಿ ಅದು ಓಪನ್ ಬಾರ್ಡರ್ಸ್. ನಮ್ಮ ಗಡಿ ಅವರಿಗೆ ತೆರೆದಿದೆ ಅಂತ ಅರ್ಥ. ಊರವರ ಮುಂದೆ "ಇವರು ನಮ್ಮವರು" ಅಂತ ಹೇಳಿಕೊಂಡರೆ ಸ್ನೇಹ ಘೋಷಣೆ. ಸಿವಿಲೈಸೇಷನ್ ಆರರಲ್ಲಿ ಮಾಮೂಲಿ ವೇಗದಲ್ಲಿ ಆಡುವಾಗ ಇದು 30 ಟರ್ನ್ ನಡೆಯುತ್ತದೆ. ಅಲ್ಲಿಯವರೆಗೆ ಒಬ್ಬರ ಮೇಲೊಬ್ಬರು ಯುದ್ಧ ಸಾರುವ ಹಾಗೇ ಇಲ್ಲ, ಆ ಗುಂಡಿಯೇ ಕೆಲಸ ಮಾಡುವುದಿಲ್ಲ. ಅದಕ್ಕಿಂತ ಗಟ್ಟಿಯಾದದ್ದು ಮೈತ್ರಿ, ಅಂದರೆ ಅಲಯನ್ಸ್.

ಈಗ ಬದು ಒತ್ತುವರಿ ಆಯಿತು ಅನ್ನಿ. ನೇರವಾಗಿ ಕೋರ್ಟಿಗೆ ಹೋಗುವ ಮುಂಚೆ ಏನು ಮಾಡುತ್ತೇವೆ? ವಕೀಲರಿಂದ ಒಂದು ನೋಟಿಸು ಕಳಿಸುತ್ತೇವೆ. ನೋಟಿಸು ಬಂತು ಅಂದ ಮಾತ್ರಕ್ಕೆ ಕೇಸು ಹಾಕಿಯೇ ಹಾಕುತ್ತಾರೆ ಅಂತೇನೂ ಇಲ್ಲ. ಆದರೆ ಪೋಸ್ಟ್‌ಮ್ಯಾನ್ ಆ ಲಕೋಟೆ ಹಿಡಿದು ಮನೆ ಕೇಳಿಕೊಂಡು ಬರುವಷ್ಟರಲ್ಲಿ ಅರ್ಧ ಊರಿಗೆ ಸುದ್ದಿ ಮುಟ್ಟಿರುತ್ತದೆ. ಗಾಂಧೀಜಿ ಮಾಡಿದ ಡಿನೌನ್ಸ್ ಇದೇ ನೋಟಿಸು. ಇದೂ 30 ಟರ್ನ್ ಜೀವಂತ ಇರುತ್ತದೆ. ನೋಟಿಸು ಕೊಟ್ಟು ಐದು ಟರ್ನ್ ಕಳೆದ ಮೇಲೆ ಸಾರುವ ಯುದ್ಧಕ್ಕೆ ಆಟ 'ಫಾರ್ಮಲ್ ವಾರ್' ಅನ್ನುತ್ತದೆ, ಕ್ರಮಬದ್ಧ ಯುದ್ಧ. ನೋಟಿಸೇ ಇಲ್ಲದೆ ನಮ್ಮ ಹುಡುಗನ ಹಾಗೆ ನುಗ್ಗಿದರೆ 'ಸರ್‌ಪ್ರೈಸ್ ವಾರ್'.

ಇನ್ನೊಂದು ಪದ ಆಗಾಗ ಕಿವಿಗೆ ಬೀಳುತ್ತದೆ, ಕಾಸಸ್ ಬೆಲ್ಲಿ. ಲ್ಯಾಟಿನ್ ಮಾತು. ಯುದ್ಧಕ್ಕೆ ತೋರಿಸುವ ಕಾರಣ ಅಂತ ಅರ್ಥ. ಹಿಂದೆ ಕಿತ್ತುಕೊಂಡ ನಮ್ಮ ಊರನ್ನು ವಾಪಸ್ ಪಡೆಯಲು, ನಮ್ಮ ರಕ್ಷಣೆಯಲ್ಲಿರುವ ಸಣ್ಣ ಊರಿನ ಮೇಲೆ ಯಾರೋ ಬಿದ್ದಾಗ ಕಾಪಾಡಲು, ಹೀಗೆ ಆಟದಲ್ಲಿ ಹಲವು ಕಾರಣಗಳ ಪಟ್ಟಿಯೇ ಇದೆ.

ಸಾರುವುದು ಯಾರ ಕಿವಿಗೆ?

ಅಕ್ಕನ ಪ್ರಶ್ನೆಗೆ ಉತ್ತರ ಇಲ್ಲಿದೆ. ಯುದ್ಧ ಸಾರುವಾಗ ಮಾತು ಶತ್ರುವಿನ ಕಡೆ ತಿರುಗಿರುತ್ತದೆ ನಿಜ, ಆದರೆ ಅದನ್ನು ಕೇಳಿಸಿಕೊಂಡು ಲೆಕ್ಕ ಇಡುವವರು ಸುತ್ತ ನಿಂತ ಮೂರನೆಯವರು. ಶತ್ರುವಿಗೆ ನೋಟಿಸಿನಿಂದ ಏನೂ ಆಗಬೇಕಾಗಿಲ್ಲ. ಅವನು ಹೇಗೂ ಏಟು ತಿನ್ನುತ್ತಾನೆ.

ಸಿವಿಲೈಸೇಷನ್ ಆರಕ್ಕೆ 2019ರಲ್ಲಿ ಬಂದ ಸೇರ್ಪಡೆಯಲ್ಲಿ ಇದನ್ನು ನೇರವಾಗಿ ಅಂಕಿಗೆ ಇಳಿಸಿದ್ದಾರೆ. ಯಾರಾದರೂ ತಪ್ಪು ಮಾಡಿದರೆ ಅವರ ಲೆಕ್ಕಕ್ಕೆ ದೂರು ಏರುತ್ತದೆ. ಗ್ರೀವೆನ್ಸಸ್ ಅಂತ ಅದರ ಹೆಸರು. ಹೇಳದೆ ಕೇಳದೆ ನುಗ್ಗಿದರೆ 150. ನೋಟಿಸು ಕೊಟ್ಟು ಸಾರಿದರೆ 100. ತನ್ನದೇ ಊರನ್ನು ವಾಪಸ್ ಪಡೆಯುವಂಥ ಕಾರಣ ಇದ್ದರೆ ಇನ್ನೂ ಬಹಳ ಕಡಿಮೆ. ಊರು ಗೆದ್ದುಕೊಂಡರೆ ಮತ್ತಷ್ಟು ಏರುತ್ತದೆ, ಶಾಂತಿ ಆದ ಮೇಲೆ ಮೆಲ್ಲಗೆ ಇಳಿಯುತ್ತದೆ. ದೂರು ಜಾಸ್ತಿ ಆದವನ ಜೊತೆ ಯಾರೂ ಸ್ನೇಹ ಮಾಡುವುದಿಲ್ಲ, ವ್ಯಾಪಾರದಲ್ಲೂ ಮುಖ ತಿರುಗಿಸುತ್ತಾರೆ. ಐದು ಟರ್ನ್ ಕಾದು 50 ಅಂಕ ಉಳಿಸಬೇಕೋ, ಇವತ್ತೇ ನುಗ್ಗಿ ಆರು ಏಟಿನ ಲಾಭ ಪಡೆಯಬೇಕೋ? ಯುದ್ಧ ಸಾರುವ ಲೆಕ್ಕದಲ್ಲಿ ಮುಕ್ಕಾಲು ಪಾಲು ಈ ಪ್ರಶ್ನೆಯೇ.

ಇದನ್ನು ಆಟ ಮಾಡಿದವರು ಹೊಸದಾಗಿ ಕಂಡುಹಿಡಿಯಲಿಲ್ಲ. ನಮ್ಮ ಕಡೆ ಊರ ಹಬ್ಬಕ್ಕೆ ಸೀನು ಕಟ್ಟಿ ಕುರುಕ್ಷೇತ್ರ ನಾಟಕ ಆಡುತ್ತಾರಲ್ಲ, ಬೆಳಗಿನ ಜಾವದವರೆಗೂ? ಅದರಲ್ಲಿ ಕೃಷ್ಣ ಸಂಧಾನದ ಸೀನು ಬಂದಾಗ ನಿದ್ದೆ ಹೋದವರೂ ಎದ್ದು ಕೂರುತ್ತಾರೆ. ಐದು ಊರು ಕೊಡು ಸಾಕು ಅನ್ನುತ್ತಾನೆ ಕೃಷ್ಣ. ಸೂಜಿ ಮೊನೆಯಷ್ಟು ನೆಲವನ್ನೂ ಕೊಡಲ್ಲ ಅನ್ನುತ್ತಾನೆ ದುರ್ಯೋಧನ. ಕೊಡುವುದಿಲ್ಲ ಅಂತ ಕೃಷ್ಣನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸಭೆಯಲ್ಲಿ ಕೂತ ಭೀಷ್ಮ, ದ್ರೋಣ, ವಿದುರ ಎಲ್ಲರ ಕಣ್ಣೆದುರೇ ಆ 'ಇಲ್ಲ' ಹೊರಬರಬೇಕಿತ್ತು. ಆಟದ ಮಾತಿನಲ್ಲಿ ಹೇಳುವುದಾದರೆ ಪಾಂಡವರ ಲೆಕ್ಕದಲ್ಲಿದ್ದ ದೂರು ಆ ಒಂದು ಸೀನಿನಲ್ಲಿ ಸೊನ್ನೆಗೆ ಇಳಿಯಿತು.

ನಿಜವಾದ ದೇಶಗಳಿಗೂ ಈ ನಿಯಮ ಇದೆ. 1907ರಲ್ಲಿ ಹೇಗ್ ನಗರದಲ್ಲಿ ಆದ ಒಪ್ಪಂದದ ಪ್ರಕಾರ ಮೊದಲೇ ಸ್ಪಷ್ಟವಾಗಿ ಎಚ್ಚರಿಕೆ ಕೊಡದೆ ಯುದ್ಧ ಶುರು ಮಾಡಬಾರದು. ಕಾರಣ ಹೇಳಿ ಸಾರಬೇಕು, ಇಲ್ಲವೇ ಇಂಥದ್ದು ಮಾಡದಿದ್ದರೆ ಯುದ್ಧ ಅಂತ ಗಡುವು ಕೊಡಬೇಕು. 1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಿದ್ದಾಗ, ಮಾತುಕತೆ ಮುರಿಯುತ್ತಿದ್ದೇವೆ ಅನ್ನುವ ಅದರ ಪತ್ರ ಅಮೆರಿಕದ ಕೈ ಸೇರಿದ್ದು ಬಾಂಬು ಬೀಳಲು ಶುರುವಾದ ಮೇಲೆ. ಮೊದಲ ಏಟಿನ ಲಾಭ ಜಪಾನಿಗೆ ಸಿಕ್ಕಿತು. ಆದರೆ ಅಲ್ಲಿಯವರೆಗೆ ಯುದ್ಧ ಬೇಕೋ ಬೇಡವೋ ಅಂತ ಎರಡು ಪಾಲಾಗಿದ್ದ ಅಮೆರಿಕ ಒಂದೇ ದಿನದಲ್ಲಿ ಒಂದಾಯಿತು. ಮರುದಿನ ಅಲ್ಲಿನ ಸಂಸತ್ತಿನಲ್ಲಿ ಯುದ್ಧದ ವಿರುದ್ಧ ಬಿದ್ದದ್ದು ಒಂದೇ ಒಂದು ಮತ.

ಗೂಡು ಬಿಡಿಸುವ ದಿನ

ಹೇಗೆ ಸಾರಬೇಕು ಅನ್ನುವುದಾಯಿತು. ಯಾವಾಗ ಅನ್ನುವುದು ಇನ್ನೂ ಸೂಕ್ಷ್ಮ.

ಹಣ್ಣಾದ ಹುಳುವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಟ್ಟ ಮೇಲೆ ಐದಾರು ದಿನಕ್ಕೆ ಗೂಡು ಬಿಡಿಸಿ ಮಾರ್ಕೆಟ್ಟಿಗೆ ಒಯ್ಯಬೇಕು. ಮುಂಚೆ ಬಿಡಿಸಿದರೆ ಒಳಗೆ ಹುಳು ಇನ್ನೂ ಹಸಿ, ಗೂಡು ಕಲೆ ಆಗುತ್ತದೆ. ತಡ ಮಾಡಿದರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ, ಆಮೇಲೆ ಅದರಿಂದ ಉದ್ದಕ್ಕೆ ನೂಲು ತೆಗೆಯಲು ಆಗುವುದಿಲ್ಲ. ಯುದ್ಧಕ್ಕೂ ಇಂಥದೇ ಒಂದು ಕಿಟಕಿ ಇರುತ್ತದೆ. ತೆರೆದಾಗ ಕೈ ಹಾಕಬೇಕು.

ಅಕ್ಕನ ಮಗನ ಆಟವನ್ನೇ ನೋಡಿ. ರೋಮ್ ದೇಶಕ್ಕೆ ಲೀಜನ್ ಅನ್ನುವ ತನ್ನದೇ ಸೈನಿಕ ಇದ್ದಾನೆ. ಅವನ ಬಲ 40. ಆಟದ ಶುರುವಿನಲ್ಲಿ ಎಲ್ಲರ ಹತ್ತಿರವೂ ಇರುವ ಮಾಮೂಲಿ ವಾರಿಯರ್ ಬಲ 20. ಪೆಡ್ರೋ ಹತ್ತಿರ ಇನ್ನೂ ವಾರಿಯರ್‌ಗಳೇ ಇದ್ದರು, ಊರಿಗೆ ಕೋಟೆ ಗೋಡೆಯೂ ಎದ್ದಿರಲಿಲ್ಲ. ಅದೇ ಕಿಟಕಿ. ಇನ್ನು ಮೂವತ್ತು ನಲವತ್ತು ಟರ್ನ್ ಹೋದರೆ ಎದುರಿನವನು ಗೋಡೆ ಕಟ್ಟಿಕೊಳ್ಳುತ್ತಾನೆ, ದೂರದಿಂದಲೇ ಹೊಡೆಯುವ ಕ್ರಾಸ್‌ಬೋ ಕಲಿಯುತ್ತಾನೆ. ಆಗ ಅದೇ ಲೀಜನ್ ಗೋಡೆಯ ಬುಡದಲ್ಲಿ ಸಾಯುತ್ತಾನೆ. ಹುಡುಗ ಅವಸರ ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಸೈನ್ಯ ನಡೆದು ಗಡಿ ಮುಟ್ಟಲು ಅವನಿಗೆ ಏಳು ಟರ್ನ್ ಹಿಡಿದಿತ್ತು. ಹೊರಡುವ ದಿನವೇ ನೋಟಿಸು ಕೊಟ್ಟಿದ್ದರೆ ಗಡಿಗೆ ಬರುವಷ್ಟರಲ್ಲಿ ಐದು ಟರ್ನ್ ತಾನಾಗಿ ಮುಗಿದಿರುತ್ತಿತ್ತು. ನೋಟಿಸು ಕಂಡ ಪೆಡ್ರೋ ಗೋಡೆಗೆ ಕೈ ಹಾಕುವ ಅಪಾಯ ಇತ್ತು, ಒಪ್ಪೋಣ. ಆದರೂ ನಾನಾಗಿದ್ದರೆ ಕೊಡುತ್ತಿದ್ದೆ. ಹೇಳಿದೆ. "ಮೊದಲೇ ಹೇಳೋದಲ್ವಾ ಮಾಮ" ಅಂದ.

ಶತ್ರುವಿನ ಸೈನ್ಯ ಇನ್ನೊಂದು ಮೂಲೆಯಲ್ಲಿ ಇನ್ನೊಬ್ಬರ ಜೊತೆ ಸಿಕ್ಕಿಕೊಂಡಾಗ ಸಾರುವುದು ಬಹಳ ಹಳೆಯ ಉಪಾಯ. ಒಪ್ಪಂದಗಳ ಗಡುವೂ ನೋಡಬೇಕು. ನೀವು ಅವನಿಂದ ಕುದುರೆ ಕೊಳ್ಳುತ್ತಿದ್ದರೆ ಸಾರಿದ ದಿನವೇ ಆ ವ್ಯಾಪಾರ ನಿಂತುಹೋಗುತ್ತದೆ. ತೆರೆದ ಗಡಿಯ ಲಾಭ ಪಡೆದು ಶತ್ರುವಿನ ರಾಜಧಾನಿ ಬಾಗಿಲಲ್ಲೇ ಸೈನ್ಯ ನಿಲ್ಲಿಸಿ ಸಾರಿದರಾಯಿತು ಅಂತ ಕೆಲವರಿಗೆ ಅನ್ನಿಸುತ್ತದೆ. ಈ ಸರಣಿಯ ನಾಲ್ಕನೇ, ಐದನೇ ಆಟಗಳಲ್ಲಿ ಅದು ನಡೆಯುವುದಿಲ್ಲ. ಸಾರಿದ ಕ್ಷಣವೇ ಆಟ ನಿಮ್ಮ ತುಕಡಿಗಳನ್ನು ಎತ್ತಿ ಗಡಿಯಾಚೆ ಇಟ್ಟುಬಿಡುತ್ತದೆ. ಉಂಡ ಮನೆಯ ಒಳಗೇ ನಿಂತು ಕತ್ತಿ ಎತ್ತುವ ಹಾಗಿಲ್ಲ.

ಕಾಯುವುದನ್ನೂ ಒಂದು ನಡೆ ಅಂತ ಎಣಿಸಿದವನು ಕೌಟಿಲ್ಯ. ಅರ್ಥಶಾಸ್ತ್ರದಲ್ಲಿ ರಾಜನಿಗೆ ಆರು ದಾರಿ ಹೇಳಿದ್ದಾನೆ: ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ. ಬಿಡಿಸಿ ಹೇಳಿದರೆ ರಾಜಿ, ಜಗಳ, ಸುಮ್ನೆ ಕೂರುವುದು, ದಂಡು ಹೊರಡಿಸುವುದು, ದೊಡ್ಡವರ ಆಸರೆ ಪಡೆಯುವುದು, ಒಬ್ಬರ ಜೊತೆ ರಾಜಿ ಮಾಡಿಕೊಂಡು ಇನ್ನೊಬ್ಬರ ಜೊತೆ ಜಗಳ. ಹೆಚ್ಚು ದಿನ ಹಿಡಿಯುವ ದಂಡಯಾತ್ರೆಗೆ ಮಾರ್ಗಶಿರ ಮಾಸ ಒಳ್ಳೆಯದು ಅಂತಲೂ ಹೇಳಿದ್ದಾನೆ. ಹಳೆಯ ಕನ್ನಡ ಶಾಸನಗಳಲ್ಲಿ ಸಂಧಿವಿಗ್ರಹಿ ಅನ್ನುವ ಅಧಿಕಾರಿ ಬರುತ್ತಾನೆ. ರಾಜಿ ಮತ್ತು ಜಗಳ ಎರಡಕ್ಕೂ ಒಬ್ಬನೇ ಮಂತ್ರಿ! ಎರಡೂ ಒಂದೇ ಖಾತೆಯ ಕೆಲಸ ಅಂತ ಆಗಿನವರಿಗೆ ಗೊತ್ತಿತ್ತು.

ಕಂಪ್ಯೂಟರಿನ ಮನಸ್ಸು ಓದುವುದು

ನಾವು ಸಾರುವುದು ಸರಿ, ಎದುರಿನ ಕಂಪ್ಯೂಟರ್ ದೊರೆ ಯಾವಾಗ ನಮ್ಮ ಮೇಲೆ ಬೀಳುತ್ತಾನೆ? ಇದು ಪೂರ್ತಿ ಗುಟ್ಟೇನೂ ಅಲ್ಲ. 2005ರಲ್ಲಿ ಬಂದ ಸಿವಿಲೈಸೇಷನ್ ನಾಲ್ಕರಲ್ಲಿ ಪ್ರತಿ ದೊರೆಗೂ ನಿಮ್ಮ ಬಗ್ಗೆ ಏನನ್ನಿಸುತ್ತದೆ ಅನ್ನುವುದನ್ನು ಕೂಡು-ಕಳೆ ಲೆಕ್ಕದಲ್ಲಿ ತೋರಿಸುತ್ತಿದ್ದರು. ಧರ್ಮ ಒಂದೇ ಆದರೆ ಕೂಡು, ಗಡಿ ತಾಗಿದರೆ ಕಳೆ, ಅವನ ಸ್ನೇಹಿತನ ಮೇಲೆ ಯುದ್ಧ ಸಾರಿದ್ದರೆ ಮತ್ತೂ ಕಳೆ.

ಅದೇ ಆಟದಲ್ಲಿ ಹಳೆಯ ಆಟಗಾರರಿಗೆಲ್ಲ ಗೊತ್ತಿರುವ ಒಂದು ಸುಳಿವು ಇದೆ. ಪಕ್ಕದ ದೊರೆಯನ್ನು ಕರೆದು "ಇನ್ನೊಬ್ಬನ ಮೇಲೆ ಯುದ್ಧಕ್ಕೆ ಬರ್ತೀಯಾ?" ಅಂತ ಕೇಳಬೇಕು. ಬರಲಿ ಅಂತಲ್ಲ, ಏನು ನೆಪ ಹೇಳುತ್ತಾನೆ ನೋಡಲು. ಅವನು ಆಗಲೇ ಯಾರ ಜೊತೆಗೂ ಯುದ್ಧದಲ್ಲಿ ಇಲ್ಲದಿದ್ದರೂ "ಈಗ ನಮ್ಮ ಕೈ ತುಂಬಾ ಕೆಲಸವಿದೆ" ಅನ್ನುವ ಅರ್ಥದ ಉತ್ತರ ಬಂದರೆ, ಅವನು ಒಳಗೊಳಗೇ ಒಂದು ಯುದ್ಧಕ್ಕೆ ಸಿದ್ಧ ಆಗುತ್ತಿದ್ದಾನೆ ಅಂತಲೇ. ಯಾರ ಮೇಲೆ? ನೀವೇ ಇರಬಹುದು. ಕೂಡಲೇ ಗಡಿಗೆ ನಾಲ್ಕು ತುಕಡಿ ಕಳಿಸುವುದು ಜಾಣತನ.

ಗಾಂಧೀಜಿ ಬಗ್ಗೆ ಒಂದು ಕಥೆಯೂ ಇದೆ, ನಿಮ್ಮ ಮನೆಯ ಹುಡುಗರೂ ಹೇಳಿರಬಹುದು. ಮೊದಲ ಆಟದಲ್ಲಿ ಅವರ ಸಿಟ್ಟಿನ ಅಂಕ 1 ಇತ್ತಂತೆ. ಪ್ರಜಾಪ್ರಭುತ್ವ ಬಂದಾಗ ಅದರಿಂದ 2 ಕಳೆದರಂತೆ. ಕಂಪ್ಯೂಟರಿಗೆ ಸೊನ್ನೆಗಿಂತ ಕೆಳಗೆ ಹೋಗಲು ಬರದೆ ತಿರುಗಿ 255ಕ್ಕೆ ಹಾರಿತಂತೆ, ಅದಕ್ಕೇ ಗಾಂಧೀಜಿ ಅಣುಬಾಂಬು ಹಾಕುತ್ತಿದ್ದರಂತೆ. ಕೇಳಲು ಚೆನ್ನಾಗಿದೆ, ಆದರೆ ನಿಜ ಅಲ್ಲ. 2020ರಲ್ಲಿ ಸಿಡ್ ಮೈಯರ್ ಅವರೇ ಇಂಥ ತಪ್ಪು ಇರಲಿಲ್ಲ ಅಂತ ಬರೆದರು. ಐದನೇ ಆಟದಲ್ಲಿ ಮಾತ್ರ ತಮಾಷೆಗೆ ಬೇಕೆಂತಲೇ ಗಾಂಧೀಜಿಗೆ ಬಾಂಬಿನ ಆಸೆ ಜಾಸ್ತಿ ಇಟ್ಟಿದ್ದರು. ಆರನೆಯದರಲ್ಲಿ ಅವರ ಸ್ವಭಾವ ಶಾಂತಿಪಾಲಕ. ಕೆಟ್ಟ ಹೆಸರು ತರುವ ಯುದ್ಧವನ್ನು ತಾವು ಸಾರುವುದಿಲ್ಲ, ಸಾರುವವರನ್ನು ಕಂಡರೆ ಆಗುವುದಿಲ್ಲ.

ನಂದಿಬೆಟ್ಟದ ಕೆಳಗೆ ನಡೆದದ್ದು

ಅಕ್ಕನ ಮನೆ ಮಾಳಿಗೆ ಹತ್ತಿದರೆ ದೂರದಲ್ಲಿ ನಂದಿಬೆಟ್ಟ ಕಾಣುತ್ತದೆ. ಮೈತ್ರಿಯ ಸರಪಳಿ, ಮುಹೂರ್ತ ತಪ್ಪುವುದು ಅಂದರೇನು ಅಂತ ತಿಳಿಯಲು ಅದರ ಬುಡದಲ್ಲೇ ಒಂದು ನಿಜವಾದ ಕಥೆ ಇದೆ.

1784ರ ಮಂಗಳೂರು ಒಪ್ಪಂದದಲ್ಲಿ ತಿರುವಾಂಕೂರಿನ ರಾಜ ಇಂಗ್ಲಿಷರ ಕಡೆಯವನು ಅಂತ ಬರೆದಾಗಿತ್ತು. 1789ರ ಡಿಸೆಂಬರ್ ಕೊನೆಗೆ ಟಿಪ್ಪು ಸುಲ್ತಾನ್ ತಿರುವಾಂಕೂರಿನ ಗಡಿಗೋಡೆಯ ಮೇಲೆ ದಾಳಿ ಮಾಡಿದ. ಡಚ್ಚರಿಂದ ತಿರುವಾಂಕೂರು ಕೊಂಡಿದ್ದ ಎರಡು ಕೋಟೆಗಳ ವಿಷಯಕ್ಕೆ ಶುರುವಾದ ಜಗಳ ಅದು. ಹೊಡೆದದ್ದು ಸಣ್ಣ ರಾಜ್ಯಕ್ಕೆ, ಎದ್ದು ಬಂದದ್ದು ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ. 1790ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಮರಾಠರನ್ನೂ ಹೈದರಾಬಾದಿನ ನಿಜಾಮನನ್ನೂ ಜೊತೆಗೆ ಸೇರಿಸಿಕೊಂಡ. ಅವರಿಬ್ಬರಿಗೂ ಮೈಸೂರಿನ ಜೊತೆ ಹಳೆಯ ಬಾಕಿಗಳಿದ್ದವು. ಆಟದಲ್ಲಿ ಇದಕ್ಕೆ ಜಾಯಿಂಟ್ ವಾರ್ ಅನ್ನುತ್ತಾರೆ. ಒಂದು ಗಡಿಯಲ್ಲಿ ಹೊತ್ತಿಸಿದ ಕಡ್ಡಿಗೆ ಮೂರು ಗಡಿಯಲ್ಲಿ ಬೆಂಕಿ.

1791ರ ಆರಂಭದಲ್ಲಿ ಕಾರ್ನ್‌ವಾಲಿಸ್ ಈಗಿನ ಕೃಷ್ಣಗಿರಿ ಸುತ್ತಿನ ಬಾರಾಮಹಲ್ ಕಣಿವೆಗಳ ಕಡೆ ಹೊರಟ ಹಾಗೆ ತೋರಿಸಿ, ಉತ್ತರಕ್ಕೆ ತಿರುಗಿ ಮುಗಳಿ ಘಾಟಿ ಹತ್ತಿಬಿಟ್ಟ. ಆ ದಾರಿಯಲ್ಲಿ ತಡೆಯುವವರೇ ಇರಲಿಲ್ಲ. ಕೋಲಾರ, ಹೊಸಕೋಟೆ ಜಾಸ್ತಿ ಕಾದಾಟವಿಲ್ಲದೆ ಕೈ ಸೇರಿದವು. ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆ ಬಿತ್ತು. ಎದುರಾಳಿಯ ಸೈನ್ಯ ಇಲ್ಲದ ಕಡೆಯಿಂದ ನುಗ್ಗು ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಆಮೇಲೆ ಅದೇ ಕಾರ್ನ್‌ವಾಲಿಸ್ ಮುಹೂರ್ತ ತಪ್ಪಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಕಡೆ ಹೊರಟ. ಮೇ 15ರಂದು ಅರಕೆರೆ ಹತ್ತಿರದ ಕಾಳಗದಲ್ಲಿ ಗೆದ್ದ. ಗೆದ್ದು ಏನು ಮಾಡುವುದು? ಮಳೆ ಹಿಡಿದಿತ್ತು, ಸೈನ್ಯಕ್ಕೆ ಕಾಳು ಇರಲಿಲ್ಲ, ಎಳೆಯುವ ಎತ್ತುಗಳು ಸಾಯುತ್ತಿದ್ದವು, ಮರಾಠರ ಸುಳಿವಿಲ್ಲ. ಕೊನೆಗೆ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ವಾಪಸ್ ಹೊರಟ. ಹೊರಟ ಮೇಲೆ ಮರಾಠರ ದಂಡು ಎದುರು ಬಂತು!

ಎರಡನೇ ಸಲ ಅವನು ಅವಸರ ಪಡಲಿಲ್ಲ. ಬೆನ್ನ ಹಿಂದೆ ಇರುವ ಕೋಟೆಗಳನ್ನು ಮೊದಲು ತೆಗೆದ. ಅದರಲ್ಲಿ ನಂದಿದುರ್ಗ ಒಂದು. 1791ರ ಅಕ್ಟೋಬರ್ 19ರಂದು ಅದು ಬಿತ್ತು, ಡಿಸೆಂಬರಿನಲ್ಲಿ ಸಾವನದುರ್ಗ. ನಿಜಾಮ, ಮರಾಠ, ಕಂಪನಿ ಮೂವರೂ ಸೇರಿ 1792ರ ಫೆಬ್ರವರಿಯಲ್ಲಿ, ಒಣಹವೆಯಲ್ಲಿ, ಶ್ರೀರಂಗಪಟ್ಟಣ ಮುತ್ತಿದರು. ಮಾರ್ಚಿನ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಒಪ್ಪಿಕೊಂಡ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ. ಮೇ ತಿಂಗಳಿಗೂ ಫೆಬ್ರವರಿಗೂ ಇದ್ದ ವ್ಯತ್ಯಾಸ ಇಷ್ಟು.

ಮನುಷ್ಯರ ಜೊತೆ ಆಡುವಾಗ

ಕಂಪ್ಯೂಟರಿಗೆ ಅಂಕಿ ಇದೆ, ಮನುಷ್ಯನಿಗೆ ನೆನಪಿದೆ. 1959ರಲ್ಲಿ ಅಲನ್ ಕ್ಯಾಲಮರ್ ಅನ್ನುವವರು ಮಾರಾಟಕ್ಕೆ ಬಿಟ್ಟ ಡಿಪ್ಲೊಮಸಿ ಅನ್ನುವ ಹಲಗೆ ಆಟ ಪೂರ್ತಿ ಇದರ ಮೇಲೆಯೇ ನಿಂತಿದೆ. 1901ರ ಯುರೋಪು, ಏಳು ದೇಶ, ದಾಳ ಇಲ್ಲ, ಅದೃಷ್ಟ ಇಲ್ಲ. 34 ಕೇಂದ್ರಗಳಲ್ಲಿ 18 ಹಿಡಿದವನು ಗೆದ್ದ. ಎಲ್ಲ ತುಕಡಿಗಳ ಬಲವೂ ಒಂದೇ, ಹಾಗಾಗಿ ಇನ್ನೊಬ್ಬರ ಬೆಂಬಲ ಇಲ್ಲದೆ ಮುಂದೆ ಹೋಗುವುದು ಕಷ್ಟ. ಮೊದಲು ಮೂಲೆ ಮೂಲೆಗೆ ಹೋಗಿ ಪಿಸುಮಾತು. ಆಮೇಲೆ ಪ್ರತಿಯೊಬ್ಬರೂ ತಮ್ಮ ನಡೆಯನ್ನು ಚೀಟಿಯಲ್ಲಿ ಬರೆದು ಒಟ್ಟಿಗೆ ತೆರೆಯುತ್ತಾರೆ. ಇಲ್ಲಿ ಯುದ್ಧ ಸಾರುವ ಗುಂಡಿಯೇ ಇಲ್ಲ. ಚೀಟಿ ತೆರೆದಾಗ ನಿಮ್ಮ ಸ್ನೇಹಿತನ ಸೈನ್ಯ ನಿಮ್ಮ ಊರಿನ ಕಡೆ ಬರುತ್ತಿದ್ದರೆ, ಅದೇ ಸಾರಿದ ಹಾಗೆ.

ಇಂಥ ಕಡೆ ನಂಬಿಕೆ ದ್ರೋಹ ಯಾವಾಗ ಆಗುತ್ತದೆ? 1980ರ ಸುಮಾರಿಗೆ ರಾಬರ್ಟ್ ಆಕ್ಸೆಲ್‌ರಾಡ್ ಅನ್ನುವ ವಿದ್ವಾಂಸ ಕಂಪ್ಯೂಟರ್ ಪ್ರೋಗ್ರಾಂಗಳ ನಡುವೆ ಒಂದು ಪಂದ್ಯ ನಡೆಸಿದರು. ಇಬ್ಬರೂ ಸಹಕರಿಸಿದರೆ ಇಬ್ಬರಿಗೂ ಲಾಭ, ಒಬ್ಬ ಕೈಕೊಟ್ಟರೆ ಅವನಿಗೆ ಆ ಸಲ ಜಾಸ್ತಿ ಲಾಭ. ಇದನ್ನೇ ಮತ್ತೆ ಮತ್ತೆ ಆಡಬೇಕು. ಗೆದ್ದದ್ದು ಅನತೋಲ್ ರಾಪೊಪೋರ್ಟ್ ಕಳಿಸಿದ ಬಹಳ ಪುಟ್ಟ ಪ್ರೋಗ್ರಾಂ. ಮೊದಲ ಸಲ ಒಳ್ಳೆಯವನಾಗಿರು, ಆಮೇಲೆ ಎದುರಿನವನು ಹಿಂದಿನ ಸಲ ಮಾಡಿದ್ದನ್ನೇ ಮಾಡು. ಅಷ್ಟೇ ಅದರ ಬುದ್ಧಿ.

ಇದು ನಡೆಯುವುದು ನಾಳೆಯೂ ಆಟ ಇದೆ ಅನ್ನುವವರೆಗೆ. ಕೊನೆಯ ಟರ್ನ್ ಯಾವುದು ಅಂತ ಎಲ್ಲರಿಗೂ ಗೊತ್ತಿದ್ದರೆ ಆ ಟರ್ನಿನಲ್ಲಿ ಕೈಕೊಟ್ಟವನಿಗೆ ಶಿಕ್ಷೆ ಕೊಡಲು ಮುಂದಿನ ಸರದಿಯೇ ಇರುವುದಿಲ್ಲ. ಅದಕ್ಕೇ ಇಡೀ ಆಟ ಅಣ್ಣ-ತಮ್ಮಂದಿರ ಹಾಗೆ ಇದ್ದವರು ಕೊನೆಗೆ ಚೂರಿ ತೆಗೆಯುತ್ತಾರೆ. ಹಾಗಂತ ಡಿಪ್ಲೊಮಸಿಯಲ್ಲಿ ಸುಳ್ಳುಗಾರನೇ ಗೆಲ್ಲುತ್ತಾನೆ ಅಂತಲೂ ಇಲ್ಲ. 2022ರಲ್ಲಿ ಮೆಟಾ ಕಂಪನಿ ಮಾಡಿದ ಸಿಸೆರೋ ಅನ್ನುವ ಎಐ ಮನುಷ್ಯರ ಜೊತೆ ಮಾತಾಡಿಕೊಂಡೇ ಈ ಆಟ ಆಡಿ, ಒಂದಕ್ಕಿಂತ ಹೆಚ್ಚು ಸಲ ಆಡಿದವರ ಪೈಕಿ ಮೇಲಿನ ಶೇಕಡಾ 10ರಲ್ಲಿ ನಿಂತಿತು. ಹೆಚ್ಚಿನ ಮಟ್ಟಿಗೆ ನಿಜ ಹೇಳುವಂತೆಯೇ ಅದನ್ನು ತಯಾರು ಮಾಡಿದ್ದರು.

ನಿಲ್ಲಿಸುವುದು ಕೈಯಲ್ಲಿಲ್ಲ

ಸಾರುವಾಗ ಹುಡುಗರು ಮರೆಯುವುದು ಇದೊಂದನ್ನು. ಸಿವಿಲೈಸೇಷನ್ ಆರರಲ್ಲಿ ಯುದ್ಧ ಶುರುವಾದರೆ ಹತ್ತು ಟರ್ನ್ ರಾಜಿ ಮಾಡಿಕೊಳ್ಳುವ ಹಾಗಿಲ್ಲ. ರಾಜಿ ಆದರೆ ಮತ್ತೆ ಹತ್ತು ಟರ್ನ್ ಯುದ್ಧ ಸಾರುವ ಹಾಗಿಲ್ಲ. ನಡುವೆ ಜನರಿಗೆ ಯುದ್ಧದ ಸುಸ್ತು ಏರುತ್ತದೆ, ಅದರಲ್ಲೂ ಪರರ ನೆಲದಲ್ಲಿ ಕಾದಾಡಿದರೆ ಬೇಗ. ಊರುಗಳಲ್ಲಿ ನೆಮ್ಮದಿ ಇಳಿಯುತ್ತದೆ. 2021ರಲ್ಲಿ ಬಂದ ಹ್ಯೂಮನ್‌ಕೈಂಡ್ ಅನ್ನುವ ಆಟ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಯುದ್ಧಕ್ಕೆ ಜನರ ಬೆಂಬಲ ಎಷ್ಟಿದೆ ಅಂತ ಒಂದು ಅಂಕಿ ಇರುತ್ತದೆ. ಅದು ಸೊನ್ನೆಗೆ ಇಳಿದರೆ ನಿಮ್ಮ ಸೈನ್ಯ ಎಷ್ಟೇ ದೊಡ್ಡದಿರಲಿ, ಸೋತೆ ಅಂತ ಒಪ್ಪಲೇಬೇಕು.

ಅಕ್ಕನ ಮಗನಿಗೆ ಗಾಂಧೀಜಿಯದೇ ಭಯ. ಐದು ಟರ್ನ್ ಆದ ಮೇಲೆ ಆನೆ ತೆಗೆದುಕೊಂಡು ಬಂದುಬಿಟ್ಟರೆ ಅಂತ ಬೆರಳು ಮಡಿಸಿಕೊಂಡು ಎಣಿಸುತ್ತಿದ್ದ. ಅವರು ಬರುವುದಿಲ್ಲ ಕಣೋ, ಅವರ ಸ್ವಭಾವ ಅದಲ್ಲ ಅಂದೆ. ನಿಜ, ಬರಲಿಲ್ಲ. ಆರನೇ ಟರ್ನಿಗೆ ಪರದೆಯ ಮೇಲೆ ಬೇರೆ ಮುಖ ಬಂತು. ಸಿಥಿಯಾದ ರಾಣಿ ತೊಮಿರಿಸ್. ಬೆನ್ನಿಗೆ ಚೂರಿ ಹಾಕುವವರನ್ನು ಕಂಡರಾಗದು ಅನ್ನುವುದೇ ಈ ಆಟದಲ್ಲಿ ಅವಳ ಗುಣ. ಅವಳು ಎಂದೋ ನೋಟಿಸು ಕೊಟ್ಟಿದ್ದಳು. ಇವನು ಗಾಂಧೀಜಿ ಗಲಾಟೆಯಲ್ಲಿ ನೋಡಿಯೇ ಇರಲಿಲ್ಲ.

ಲೀಜನ್‌ಗಳೆಲ್ಲ ಪೆಡ್ರೋನ ಊರಿನ ಮುಂದೆ. ರೋಮ್‌ನಲ್ಲಿ ಕಾವಲಿಗೆ ಇದ್ದದ್ದು ಒಬ್ಬ ವಾರಿಯರ್. ಉತ್ತರದ ಗಡಿಯಲ್ಲಿ ಬಿಲ್ಲು ಹಿಡಿದ ಕುದುರೆ ಸವಾರರು ಸಾಲಾಗಿ ಕಾಣಿಸಿಕೊಂಡರು.

"ಮಾಮ, ಈಗೇನು ಮಾಡ್ಲಿ?"

"ಪೆಡ್ರೋ ಜೊತೆ ರಾಜಿಗೆ ಇನ್ನೆಷ್ಟು ಟರ್ನ್ ಇದೆ?"

ಎಣಿಸಿದ. "ನಾಲ್ಕು."

ಹೊರಗಿನಿಂದ ಭಾವ ಸೊಪ್ಪಿನ ಹೊರೆ ಇಳಿಸಲು ಬಾರೋ ಅಂತ ಕೂಗಿದರು. ಅವನು ಲ್ಯಾಪ್‌ಟಾಪ್ ಹಾಗೇ ಬಿಟ್ಟು ಎದ್ದು ಹೋದ. ಸರದಿ ಆಟ ನೋಡಿ, ಕುದುರೆ ಸವಾರರು ಅಲ್ಲೇ ನಿಂತಿದ್ದರು.